ಅರ್ಜುನಪ್ಪ ಕುಡಿದ ಬೆಲ್ಲದ ನೀರು

ಫಕೀರವ್ವನ ಮಾತು ಬಂದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಗಜೇಂದ್ರಗಡದಲ್ಲಿ ನಮ್ಮ ಕ್ರೈಸ್ತ ನೇಕಾರರ ಮನೆಗಳು ಬೆರಳೆಣಿಕೆಯಷ್ಟು. ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಜಕ್ಕಲಿಯಿಂದ ಸೊಸೆಯಾಗಿ ಬಂದವಳು, ಮಕ್ಕಳಾಗಲಿಲ್ಲ. ಅವಳಿಗಿದ್ದದ್ದು ಗಂಡ ಅರ್ಜುನಪ್ಪ, ಒಂದು ಮಗ್ಗ, ಮತ್ತು ಯಾರ ಮುಲಾಜೂ ಇಲ್ಲದ ಬಾಯಿ. ಆ ಬಾಯಿಗೆ ನಾನೇ ಎಷ್ಟೋ ಸಲ ಸಿಕ್ಕಿದ್ದೇನೆ, ಬಿಡಿ.

ನಮ್ಮ ಚರ್ಚಿನ ಸಭೆಯಲ್ಲಿ ಅವಳಿಗೊಂದು ಕೆಲಸವಿತ್ತು. ನಾವು ಆಗ ಮುಂಬಯಿ ರಾಜ್ಯದವರು, ಎಲ್ಲೆಲ್ಲೂ ದಾರೂಬಂದಿ, ಮದ್ಯವೆಂದರೆ ನಿಷೇಧ. ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಬಟ್ಟಲು ಹಂಚುವ ಕರ್ತನ ಭೋಜನಕ್ಕೆ ದ್ರಾಕ್ಷಾರಸ ಬೇಕೆಂದರೆ ಪರವಾನಗಿಗಾಗಿ ಕಚೇರಿ ಕಚೇರಿ ಅಲೆಯಬೇಕು. ಯಾರಿಗೆ ಬೇಕು ಆ ಉಸಾಬರಿ? "ಒಣದ್ರಾಕ್ಷಿ ನೆನಸಿ ಹಿಸುಕಿದರ ಆತು" ಎಂದರು ನಮ್ಮ ಹಳೆಯ ಸಭಾಪಾಲಕರು, ಸತ್ಯಪ್ಪ ಅಯ್ಯನವರು. ಅಂದಿನಿಂದ ಶನಿವಾರ ದ್ರಾಕ್ಷಿ ನೆನೆಹಾಕಿ, ಭಾನುವಾರ ಬೆಳಿಗ್ಗೆ ಹಿಸುಕಿ, ಬಿಳಿ ಅರಿವೆಯಲ್ಲಿ ಸೋಸಿ ತರುವುದು ಫಕೀರವ್ವನ ಪಾಲಿಗೆ ಬಂತು.

ಅವಳು ಮಾಡಿದ್ದನ್ನು ಸಭೆಯೆಲ್ಲ ಕುಡಿಯಿತು, ಅವಳ ಗಂಡನೊಬ್ಬನನ್ನು ಬಿಟ್ಟು. ಅರ್ಜುನಪ್ಪನ ಅಣ್ಣ ಸೂಡಿಯಲ್ಲಿದ್ದ, ಮತ ಬದಲಿಸಿದವನಲ್ಲ. ಆ ಅಣ್ಣನ ಮಗನ ಮದುವೆಗೆ ಹೋದ ಅರ್ಜುನಪ್ಪ ಎಲ್ಲರಂತೆ ಪೂಜೆಯ ಅಕ್ಕಿಕಾಳನ್ನು ಮದುಮಕ್ಕಳ ತಲೆಗೆ ಹಾಕಿದ್ದ. ಸುದ್ದಿ ಬಂತು. ಅದು ವಿಗ್ರಹಪೂಜೆಯಲ್ಲಿ ಪಾಲು ತಗೊಂಡಂತೆ ಎಂದು ನಮ್ಮ ಸಭೆಯ ಹಿರಿಯರು ತೀರ್ಮಾನಿಸಿದರು. ಸಭೆಯ ಮುಂದೆ ತಪ್ಪೊಪ್ಪಿಕೊಳ್ಳುವ ತನಕ ಭೋಜನವಿಲ್ಲ.

"ಅಣ್ಣನ ಮಗಗ ಚಲೋ ಆಗ್ಲಿ ಅಂದೀನಿ. ಅದರಾಗ ತಪ್ಪೇನೈತ್ರಿ?" ಎಂದ ಅರ್ಜುನಪ್ಪ. ಅಷ್ಟೇ. ಅವನೂ ಸೋಲಲಿಲ್ಲ, ಇವರೂ ಬಗ್ಗಲಿಲ್ಲ. ವರ್ಷಗಟ್ಟಲೆ ಬಟ್ಟಲು ಅವನನ್ನು ದಾಟಿಕೊಂಡು ಹೋಯಿತು. ಆದರೂ ಒಂದು ಭಾನುವಾರ ತಪ್ಪಿಸಿದವನಲ್ಲ ಪುಣ್ಯಾತ್ಮ.

ಕೊನೆಗೆ ಎದೆಬೇನೆ ಹಿಡಿಯಿತು. ಹೋಳಿಯ ಬಣ್ಣದ ದಿನ ಮಧ್ಯಾಹ್ನ ಉಸಿರು ಮೇಲೆ ಕೆಳಗೆ ಆಗತೊಡಗಿತು. ಹೆಂಡತಿಯ ಕೈ ಹಿಡಿದು, "ಅಯ್ಯನವರನ್ನ ಕರಿ. ನನಗ ಭೋಜನ ಬೇಕ" ಎಂದ. ನಾನು ಅಂದು ಊರಲ್ಲಿರಲಿಲ್ಲ, ನಡೆದದ್ದನ್ನೆಲ್ಲ ಅವಳೇ ಆಮೇಲೆ ಹೇಳಿದ್ದು. ಸತ್ಯಪ್ಪ ಅಯ್ಯನವರು ಬಂದರು. ರೋಗಿಯನ್ನು ನೋಡಿ ಅವರ ಮನಸ್ಸು ಕರಗಿತು. "ಹಿರಿಯರಿಗೆ ನಾ ಹೇಳ್ತೀನಿ, ದ್ರಾಕ್ಷಿ ನೀರು ತಾ ತಂಗಿ" ಎಂದರು. ದ್ರಾಕ್ಷಿ ಎಲ್ಲಿಂದ ತರಬೇಕು? ಬಣ್ಣದ ದಿನ ಪೇಟೆಯಲ್ಲಿ ಒಂದು ಅಂಗಡಿಯೂ ತೆರೆದಿರಲಿಲ್ಲ. ಮನೆಯಲ್ಲಿದ್ದದ್ದು ಬೆಲ್ಲ.

"ಬೆಲ್ಲಾನ ಕರಗಿಸು. ದೇವರು ಮನಸ್ಸು ನೋಡ್ತಾನ" ಎಂದರಂತೆ ಅಯ್ಯನವರು. ಅದನ್ನೇ ಆಶೀರ್ವದಿಸಿದರು, ರೊಟ್ಟಿ ಮುರಿದುಕೊಟ್ಟರು, ಬಟ್ಟಲನ್ನು ತಮ್ಮ ಕೈಯಾರೆ ಅವನ ತುಟಿಗೆ ಹಿಡಿದರು. ಕುಡಿದು ಅರ್ಜುನಪ್ಪ ಕೂಸಿನಂತೆ ಅತ್ತ. "ನನ್ನ ಒಳಗ ಕರಕೊಂಡ್ರಲ್ಲ, ಸಾಕು" ಎಂದ. ಸಂಜೆಯೊಳಗೆ ತೀರಿಕೊಂಡ. ಫಕೀರವ್ವ ಆ ಒಂದು ಮಾತನ್ನು ಹಿಡಿದುಕೊಂಡು ಬದುಕಿದಳು. ಅಂಥ ಬಾಯಿಯವಳು ಮೆತ್ತಗಾಗಿದ್ದಳು.

ಮರುವರ್ಷ ಮಂಗಳೂರಿನಲ್ಲಿ ಓದಿದ ಚಿಕ್ಕ ಅಯ್ಯನವರು ನಮ್ಮ ಸಭೆಗೆ ಸಹಾಯಕರಾಗಿ ಬಂದರು. ಮೀಸೆ ಇನ್ನೂ ಸರಿಯಾಗಿ ಬಲಿತಿರಲಿಲ್ಲ. ಬಂದವರೇ ವೇದಿಕೆಯ ಮೇಲೆ ನಿಂತು, "ಕರ್ತನು ದ್ರಾಕ್ಷಾರಸ ಕೊಟ್ಟನು. ಒಣಹಣ್ಣು ತೊಳೆದ ನೀರು ಭೋಜನವಲ್ಲ" ಎಂದುಬಿಟ್ಟರು. ಸಭೆ ಭುಗಿಲೆಂದಿತು. ಹಾಗಾದರೆ ಇಷ್ಟು ವರ್ಷ ನಾವು ಕುಡಿದದ್ದೇನು, ಶರಬತ್ತೇ? ಅರ್ಧ ಜನ ಅವರ ಕಡೆ, ಅರ್ಧ ಜನ ಸತ್ಯಪ್ಪ ಅಯ್ಯನವರ ಕಡೆ. ಜಗಳ ಬಗೆಹರಿಯಲಿಲ್ಲ. ವಿಚಾರಣೆಗೆ ಧಾರವಾಡದ ಮುಖ್ಯ ಸಭೆಯಿಂದ ಮೂವರು ಹಿರಿಯರು ಬಂದರು.

ದಿನವಿಡೀ ವಾದ ನಡೆಯಿತು. ಸಂಜೆ ಅವರಲ್ಲಿ ದೊಡ್ಡವರು ಎದ್ದು ತೀರ್ಪು ಹೇಳಿದರು: ಒಣಗಿದ್ದಾದರೂ ಅದು ದ್ರಾಕ್ಷಿಯೇ, ಆದ್ದರಿಂದ ಈ ಸಭೆ ಮಾಡಿದ ಭೋಜನಗಳೆಲ್ಲ ಸರಿ. ನಮ್ಮ ಖುಷಿ ಏನು ಕೇಳುತ್ತೀರಿ! ನಾನಂತೂ ಚಿಕ್ಕ ಅಯ್ಯನವರ ಕಡೆ ತಿರುಗಿ, "ಈಗ ಹೆಂಗ್ರಿ?" ಎಂದು ಕಿಚಾಯಿಸಿದೆ.

ಆಗ ಫಕೀರವ್ವ ಎದ್ದು ನಿಂತಳು.

"ಬೆಲ್ಲದ ನೀರಾದರ ನಡೀತದೇನ್ರಿ?"

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ದೊಡ್ಡವರೂ ನಗುತ್ತ, "ಬೆಲ್ಲ ಕಬ್ಬಿಂದು, ಯವ್ವಾ. ಅದು ಪಾನಕ. ಅದು ಭೋಜನ ಹ್ಯಾಂಗ ಆಗತೈತಿ?" ಎಂದರು.

ಅವಳ ಮುಖ ಬಿಳಚಿಕೊಂಡಿತು. ಸುಮ್ಮನೆ ಕೂತಿದ್ದರೆ ಧಾರವಾಡದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಅವಳಿಗೆ ಸುಮ್ಮನೆ ಕೂರುವುದು ಎಲ್ಲಿ ಗೊತ್ತಿತ್ತು? "ನನ್ನ ಗಂಡ ಸಾಯೂಮುಂದ ತಗೊಂಡದ್ದು ಬೆಲ್ಲದ ನೀರ್ರಿ. ದೇವರು ಮನಸ್ಸು ನೋಡ್ತಾನ ಅಂತ ಈ ಅಯ್ಯನವರು ಕೊಟ್ಟಾರ" ಎಂದು ಸತ್ಯಪ್ಪ ಅಯ್ಯನವರ ಕಡೆ ತಿರುಗಿದಳು. "ಆವತ್ತ ಹೇಳಿದ್ದನ್ನ ಇವರ ಮುಂದ ಒಮ್ಮೆ ಹೇಳ್ರಿ, ಅಯ್ಯನವರ."

ಧಾರವಾಡದವರು ನಗುವುದನ್ನು ನಿಲ್ಲಿಸಿ ಅವರನ್ನೇ ನೋಡಿದರು. ಭೋಜನದಿಂದ ಹೊರಗಿಟ್ಟವನಿಗೆ, ಹಿರಿಯರನ್ನು ಕೇಳದೆ, ಆಮೇಲೂ ಅವರಿಗೆ ಹೇಳದೆ, ಅದೂ ಬೆಲ್ಲದ ನೀರು ಕೊಟ್ಟಿದ್ದರು. ಒಪ್ಪಿಕೊಂಡರೆ ಅವರ ಅಯ್ಯನಗಿರಿ ಅಲ್ಲಿಗೇ ಮುಗಿಯುತ್ತಿತ್ತು. ಅಯ್ಯನವರು ನೆಲ ನೋಡಿದರು.

"ನನಗ ನೆನಪಿಲ್ಲ, ತಂಗಿ" ಎಂದರು.

ಅಯ್ಯೋ ನನ್ನ ದೇವರೇ! ಅವಳು ಕುಸಿದು ಕೂತಳು. ದುಃಖದಲ್ಲಿ ಹೆಂಗಸಿಗೆ ಭ್ರಮೆಯಾಗಿರಬೇಕು ಎಂದು ಧಾರವಾಡದವರು ಬಸ್ಸು ಹತ್ತಿದರು.

ಮಾರನೆಯ ದಿನ ಅವಳ ಮನೆಗೆ ಬಂದದ್ದು, ನಾನು ಕಿಚಾಯಿಸಿದ್ದ ಆ ಚಿಕ್ಕ ಅಯ್ಯನವರೇ. ಅಲ್ಲೇ ಕೂತಿದ್ದ ನನ್ನ ಮುಂದೆಯೇ, "ನನ್ನಿಂದ ನಿಮಗ ನೋವಾತು" ಎಂದು ಕೈಮುಗಿದರು.

"ನೋವಿರ್ಲಿ ಬಿಡ್ರಿ. ಅವನು ಒಳಗ ಹೋದನೋ, ಹೊರಗ ಉಳದನೋ? ಅದೊಂದ ಹೇಳ್ರಿ" ಎಂದಳು ಫಕೀರವ್ವ.

"ದೇವರು ದಯಾಳು, ಅವ್ವಾ."

"ಅದು ನನಗೂ ಗೊತ್ತೈತ್ರಿ. ನಾ ಕೇಳಿದ್ದು ಅದಲ್ಲ."

ಪಾಪ, ಸುಳ್ಳು ಹೇಳಲು ಬರದ ಹುಡುಗ. ಕಣ್ಣೊರೆಸಿಕೊಂಡು ಎದ್ದುಹೋದರು. ಆ ವಾರ ಪೂರ್ತಿ ಗೋಡೆಯಾಚೆ ಮಗ್ಗದ ಸದ್ದಿರಲಿಲ್ಲ. ಅಳು ಕೇಳುತ್ತಿತ್ತು. ಹೋಗಿ ಏನು ಹೇಳಬೇಕೆಂದು ತಿಳಿಯದೆ ನಾನೂ ಈಚೆ ಕೂತು ಅತ್ತೆ.

ಮುಂದಿನ ಭೋಜನದ ಭಾನುವಾರ ಅವಳು ದ್ರಾಕ್ಷಿ ನೆನೆಹಾಕಿದ್ದಳು, ಸೋಸಿ ತಂದಿದ್ದಳು. ನನ್ನ ಪಕ್ಕದಲ್ಲೇ ಮೊಣಕಾಲೂರಿದಳು. ಸತ್ಯಪ್ಪ ಅಯ್ಯನವರು ಬಟ್ಟಲು ಹಿಡಿದು ಸಾಲಿನುದ್ದಕ್ಕೂ ಬಂದರು. ಅವಳ ಮುಂದೆ ನಿಂತರು. ಬಗ್ಗಿ, ನನಗೂ ಅವಳಿಗೂ ಮಾತ್ರ ಕೇಳುವಷ್ಟು ಸಣ್ಣದಾಗಿ, "ತಗೋ ತಂಗಿ. ನನಗ ನೆನಪೈತಿ" ಎಂದರು.

ಫಕೀರವ್ವ ತಲೆಯೆತ್ತಿದಳು. "ಜೋರಾಗಿ ಹೇಳ್ರಿ, ಅಯ್ಯನವರ. ಹೇಳಿದರ ತಗೋತೀನಿ."

ಅಯ್ಯನವರು ಬಾಯಿ ತೆರೆದರು. ಸಭೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಬಟ್ಟಲನ್ನು ಅವಳ ಮುಂದಿನಿಂದ ತೆಗೆದು ನನ್ನ ಮುಂದೆ ಹಿಡಿದರು.