ಗುರುವಾರದ ಹಿತಕಿದ ಬೇಳೆ

ನಮ್ಮ ಮನೆಯಲ್ಲಿ ರಾತ್ರಿಯಡುಗೆಯ ಖಾತೆ ನನ್ನದು. ನಾನೇನೂ ಕೇಳಿ ಪಡೆದದ್ದಲ್ಲ. ನನ್ನಾಕೆ ಹಳೇಬೀಡಿನ ಶಾಲೆಯಲ್ಲಿ ಪಾಠ ಮುಗಿಸಿ, ಬಸ್ಸು ಹಿಡಿದು ಅರಸೀಕೆರೆ ಸೇರುವಷ್ಟರಲ್ಲಿ ಬೀದಿದೀಪ ಹತ್ತಿರುತ್ತದೆ. ನನ್ನ ಕಚೇರಿಯೋ, ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಸೌಟು ತಾನಾಗಿ ನನ್ನ ಕೈಗೆ ಬಂತು. ಮುದ್ದೆ ಕಟ್ಟುವುದನ್ನೂ ಕಲಿತೆ. ಮೊದಮೊದಲು ಅದರಲ್ಲಿ ಸಿಗುತ್ತಿದ್ದ ಗಂಟುಗಳನ್ನು ನಿತ್ಯ ಎಂಬ ಹೆಸರಿನ ನಮ್ಮ ಮಗಳು ತಟ್ಟೆಯಂಚಿಗೆ ಸಾಲಾಗಿ ಜೋಡಿಸಿ ನನಗೆ ತೋರಿಸುತ್ತಿದ್ದಳು. ಈಗ ಆ ಪ್ರದರ್ಶನ ನಿಂತಿದೆ.

ಅಡುಗೆ ಕಷ್ಟವಲ್ಲ ಕಣ್ರೀ, ಏನು ಅಡುಗೆ ಅಂತ ಯೋಚಿಸುವುದು ಕಷ್ಟ. ಬೇಲೂರಿನ ಗುಡಿಗೆ ನೆಂಟರನ್ನು ಕರೆದುಕೊಂಡು ಹೋದಾಗಲೆಲ್ಲ ನಾನು ಗೋಡೆಯ ಶಿಲಾಬಾಲಿಕೆಯರ ನಡುವೆ ಒಬ್ಬಳನ್ನು ಹುಡುಕುತ್ತೇನೆ. ಕನ್ನಡಿ ನೋಡಿಕೊಳ್ಳುವವಳಿದ್ದಾಳೆ, ಕುಣಿಯುವವಳಿದ್ದಾಳೆ, ಗಿಳಿಯೊಡನೆ ಮಾತಾಡುವವಳೂ ಇದ್ದಾಳೆ. ರಾತ್ರಿಗೆ ಏನು ಮಾಡಲಿ ಎಂದು ಗಲ್ಲಕ್ಕೆ ಕೈಯಿಟ್ಟು ಕೂತವಳು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಅಂಥ ಚಿಂತೆಯನ್ನು ಕಲ್ಲು ತಡೆಯಲಾರದು ಎಂದು ಶಿಲ್ಪಿಗೂ ಅನ್ನಿಸಿರಬೇಕು.

ಈ ಚಿಂತೆ ವಿಪರೀತಕ್ಕೆ ಹೋಗುವುದು ಸಂಕ್ರಾಂತಿ ಕಳೆದ ಮೇಲೆ. ಧನುರ್ಮಾಸದಲ್ಲಿ ತಡೆಹಿಡಿದಿದ್ದ ಮದುವೆಗಳೆಲ್ಲ ಒಟ್ಟಿಗೆ ನುಗ್ಗುತ್ತವೆ. ಅದೇ ಹೊತ್ತಿಗೆ ಸೊಗಡವರೆಯ ಕೊನೆಯ ದಿನಗಳು. ಒಂದು ಕಡೆ ಕಲ್ಯಾಣಮಂಟಪ ಕರೆಯುತ್ತದೆ, ಇನ್ನೊಂದು ಕಡೆ ಅವರೆಕಾಯಿ. ಸುಮ್ಮನೆ ಮುಖ ತೋರಿಸಿ ಬಂದುಬಿಡೋಣ ಎಂದರೆ ನಮ್ಮ ಕಡೆ ನಡೆಯುವುದಿಲ್ಲ. ಊಟ ಮಾಡದೆ ಹೊರಟರೆ ಮುಂದಿನ ಮೂರು ಮದುವೆಗಳಲ್ಲಿ ಅದೇ ಮಾತು.

ಈ ಸಲ ಆ ಸಂಕಟದ ನಡುವೆ ನಮ್ಮ ನಿತ್ಯ ಒಂದು ಮಾತಂದಳು. ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರವಾಗಿ ಅವಳು ಎಲ್ಲಿಗೂ ಬರುತ್ತಿರಲಿಲ್ಲ. ನಾವಿಬ್ಬರೂ ಸಿಂಗರಿಸಿಕೊಂಡು ಹೊರಟರೆ, ಮುಚ್ಚಿಟ್ಟ ಅನ್ನವನ್ನು ಪುಸ್ತಕದ ಎದುರು ಒಬ್ಬಳೇ ಉಣ್ಣುತ್ತಿದ್ದಳು. "ಅಪ್ಪಾ, ಅವರೆ ಮುಗಿಯೋದ್ರೊಳಗೆ ಒಂದೇ ಒಂದಿನ ಹಿತಕಿದ ಬೇಳೆ ಸಾರು ಮಾಡು. ಮೂರೂ ಜನ ಮನೇಲೇ ಉಣ್ಣೋಣ." ಆಗಲಿ ಎಂದು ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡೆ.

ವಾರವನ್ನು ಹಂಚಿದೆ. ಸೋಮವಾರ ಆರತಕ್ಷತೆ, ತಪ್ಪಿಸುವಂತಿಲ್ಲ. ಮಂಗಳವಾರ ಬೇಳೆ ಎಂದು ಕಾಳು ನೆನೆಹಾಕಿದೆ. ಪಕ್ಕದ ಮನೆಯವರು ಬಾಗಿಲಲ್ಲೇ ನಿಂತು, "ಸಂಜೆ ಸತ್ಯನಾರಾಯಣ ಪೂಜೆ, ನೀವಿಲ್ದೆ ಆಗಲ್ಲ" ಎಂದರು. ನೆನೆದ ಕಾಳು ಮರುಬೆಳಿಗ್ಗೆ ಉಪ್ಪಿಟ್ಟಿಗೆ ಬಿತ್ತು. ಬುಧವಾರ ಗೆಂಡೆಹಳ್ಳಿಯಲ್ಲಿ ನನ್ನಾಕೆಯ ಸಹೋದ್ಯೋಗಿಯ ಹೊಸ ಮನೆಯ ಊಟ. ಆ ರಾತ್ರಿಯೂ ನಿತ್ಯ ಪುಸ್ತಕದ ಎದುರೇ ಉಂಡಳು. ನನ್ನನ್ನು ಬೈದಿದ್ದರೇ ವಾಸಿಯಾಗಿತ್ತು.

ಗುರುವಾರ ನಾನು ಹಟಕ್ಕೆ ಬಿದ್ದೆ. ಫೋನಿನ ಬಾಯಿ ಮುಚ್ಚಿಸಿ, ಪೇಪರು ಹಾಸಿ, ಮೂವರೂ ನೆನೆದ ಕಾಳಿನ ಸಿಪ್ಪೆ ಹಿತಕಲು ಕೂತೆವು. ಹಿತಕಿದರೆ ಬೇಳೆ ಬಟ್ಟಲಿಗೆ ಬೀಳಬೇಕು. ನನ್ನದು ಟೀವಿ ಹಿಂದಕ್ಕೆ ಹಾರುತ್ತಿತ್ತು. ನಿತ್ಯ ಎಷ್ಟೋ ದಿನದ ಮೇಲೆ ಹೊಟ್ಟೆ ಹಿಡಿದು ನಗುತ್ತಿದ್ದಳು. ಆಗ ಬಾಗಿಲು ಬಡಿದ ಸದ್ದು.

ಬಾಣಾವರದ ಶಿವಣ್ಣ, ನನ್ನಾಕೆಯ ದೊಡ್ಡಪ್ಪನ ಮಗ. ಜೊತೆಗೆ ಹೆಂಡತಿ ಪದ್ಮ. ಮಗಳು ಕಾವ್ಯಳ ಮದುವೆಗೆ ಕರೆಯಲು ಬಂದಿದ್ದರು. ಹೋಯ್ತು ಈ ದಿನವೂ, ಎಂದುಕೊಂಡೆ.

"ಕೂರಕ್ಕೆ ಪುರುಸೊತ್ತಿಲ್ಲ ಭಾವ, ಇನ್ನೂ ಗಂಡಸಿ ನೆಂಟರ ಮನೆಗೋಗ್ಬೇಕು" ಎನ್ನುತ್ತ ಶಿವಣ್ಣ ನಿಂತೇ ಇದ್ದ. ಪದ್ಮ ಮಾತ್ರ ಕುಂಕುಮ ಕೊಟ್ಟವಳೇ ಕಾಳಿನ ಮುಂದೆ ಕೂತುಬಿಟ್ಟಳು. ಅವಳ ಬೆರಳ ಓಟಕ್ಕೆ ಅರ್ಧ ರಾಶಿ ನೋಡುನೋಡುತ್ತ ಕರಗಿತು. ಕಾಫಿ ಆಯಿತು. ಮಾತು ಎದ್ದಿತು. ಒಲೆಯ ಮೇಲೆ ಮಸಾಲೆ ಕುದಿದು ಸೊಗಡು ಹರಡುವ ಹೊತ್ತಿಗೆ ಶಿವಣ್ಣನೂ ಗೋಡೆಗೊರಗಿ ಕೂತಿದ್ದ.

"ತಟ್ಟೆ ಹಾಕ್ತೀನಿ" ಎಂದೆ.

"ಬ್ಯಾಡ ಭಾವ, ಗಂಟ್ಲಲ್ಲಿ ಇಳಿಯಲ್ಲ. ಕಾವ್ಯಂಗೆ ಈ ಸಾರು ಅಂದ್ರೆ ಪ್ರಾಣ. ಊರೂರು ಕರೆಯೋದ್ರಲ್ಲಿ ನಾವು ಮೂರು ಜನ ಒಂದಿನ ಒಟ್ಟಿಗೆ ಕೂತು ಉಂಡಿಲ್ಲ. ಬರೋ ವಾರ ಅವ್ಳು ಬ್ಯಾರೆ ಮನೆಯೋಳು."

ಪದ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನಿತ್ಯ ಎದ್ದು ಒಳಗೆ ಹೋದಳು. ಪಾತ್ರೆಯ ಸದ್ದು ಕೇಳಿತು. ಬಂದಾಗ ಕೈಯಲ್ಲಿ ತುಂಬಿದ ಕ್ಯಾರಿಯರ್ ಇತ್ತು.

"ಮಾವ, ಗಂಡಸೀಗೆ ನಾಳೆ ಹೋಗಿ. ಈಗ ಸೀದಾ ಮನೆಗೆ ಹೋಗಿ, ಕಾವ್ಯಕ್ಕನ ಜೊತೆ ಕೂತು ಉಣ್ಣಿ."

ಶಿವಣ್ಣ ಅವಳ ತಲೆಯ ಮೇಲೆ ಕೈಯಿಟ್ಟು, ಕ್ಯಾರಿಯರ್ ಹಿಡಿದು ಮೆಟ್ಟಿಲಿಳಿದ.

ಪಾತ್ರೆಯಲ್ಲಿ ಉಳಿದದ್ದು ಮೂವರಿಗೆ ಸಾಲುವಷ್ಟಿರಲಿಲ್ಲ. ಮುದ್ದೆಯ ಕೊನೆಯ ತುತ್ತುಗಳನ್ನು ಮಜ್ಜಿಗೆಯಲ್ಲಿ ಮುಳುಗಿಸಿದೆವು. ಆದರೂ ಆ ರಾತ್ರಿ ಮಾತಾಡುತ್ತ ಕೂತು, ಉಂಡ ಕೈ ಒಣಗಿಹೋಗುವವರೆಗೂ ತಟ್ಟೆ ಬಿಟ್ಟು ಯಾರೂ ಏಳಲಿಲ್ಲ.

ಗಂಡಸಿಯ ನೆಂಟರಿಗೆ ಕರೆ ಒಂದು ದಿನ ತಡವಾಗಿ ಮುಟ್ಟಿತು. ಯಾರೂ ಮುನಿಯಲಿಲ್ಲ. ಮದುವೆಯಲ್ಲಿ ಮೊದಲ ಪಂಕ್ತಿಗೆ ಕೂತವರೇ ಅವರು. ಪರೀಕ್ಷೆ ಇದ್ದರೂ ನಿತ್ಯ ಬಂದಿದ್ದಳು. ಫೋಟೋಕ್ಕೆ ನಿಂತಾಗ ಮದುಮಗಳು ಅವಳನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳಿದಳು: "ಸಾರಿಗೆ ಉಪ್ಪು ಕಮ್ಮಿ ಇತ್ತು ಕಣೇ. ಆದ್ರೂ ಅಪ್ಪ ಮೂರು ಮುದ್ದೆ ಉಂಡ್ರು, ಕಣ್ಣಲ್ಲಿ ನೀರು ಹಾಕ್ಕೊಂಡು."

ಪಕ್ಕದಲ್ಲೇ ನಿಂತಿದ್ದ ನನಗೂ ಅದು ಕೇಳಿಸಿತು. ಇನ್ನು ಮುಂದೆಯೂ ಉಪ್ಪು ಒಂದು ಚಿಟಿಕೆ ಕಡಿಮೆಯೇ ಹಾಕೋಣ ಎಂದುಕೊಂಡೆ. ಬೇಕಾದಷ್ಟನ್ನು ಉಣ್ಣುವವರೇ ಸೇರಿಸಿಕೊಳ್ಳುತ್ತಾರೆ.