ವಸುಧಾಳ ರಿಮೋಟು

‘ಅವಳು ಯಾವತ್ತೂ ತಪ್ಪು ಒತ್ತಲ್ಲ ಸಾರ್’ ಎಂದು ಯಾರೋ ಹಿಂದೊಮ್ಮೆ ಹೇಳಿದ್ದು ಇವತ್ತು ಪಾಠ ಮಾಡುವಾಗ ನೆನಪಾಯಿತು, ಗೆಳೆಯರೇ. ನಮ್ಮ ಜಯನಗರದ ಕಾಲೇಜಿನಲ್ಲಿ ಈಗ ಯಾರೂ ಕೈ ಎತ್ತುವುದಿಲ್ಲ. ಪ್ರತಿಯೊಬ್ಬರಿಗೂ ಒಂದು ಪುಟ್ಟ ರಿಮೋಟು. ಉತ್ತರದ ಗುಂಡಿ ಒತ್ತಿದರೆ ಪರದೆಯ ಮೇಲೆ ಹೆಸರು ಮೂಡುತ್ತದೆ, ಹಾಜರಿಯೂ ಅದೇ. ಇವತ್ತಿನ ಪ್ರಶ್ನೆಗೆ ಸರಿಯುತ್ತರ ಬಂದದ್ದು ಒಬ್ಬಳಿಂದ ಮಾತ್ರ: ವಸುಧಾ.

ವಸುಧಾ ತೀರಿಕೊಂಡು ತಿಂಗಳಾಯಿತು.

ಬಿಟಿಎಂ ಬಡಾವಣೆಯಲ್ಲಿ ಅವಳ ರೂಮ್‌ಮೇಟ್ ಆಗಿದ್ದ ರೇಖಾ ಮೆಲ್ಲಗೆ ಎದ್ದು ನಿಂತಳು. ಎರಡು ಕೈಯಲ್ಲೂ ರಿಮೋಟು.

‘ಪ್ರಾಕ್ಸಿ ಸಾರ್, ಅವಳ ಹಾಜರಿ ನಾನೇ ಹಾಕ್ತಿದ್ದೆ. ಒತ್ತದೇ ಇದ್ರೆ ನೀವು ಅವಳ ಹೆಸರು ತೆಗೆದುಬಿಡ್ತೀರಿ.’

‘ಸರಿಯುತ್ತರ ಗೊತ್ತಿದ್ದೂ ನಿನ್ನದನ್ನ ಯಾಕಮ್ಮ ತಪ್ಪು ಒತ್ತಿದೆ?’

‘ನಂಗೆಲ್ಲಿ ಗೊತ್ತಿತ್ತು ಸಾರ್? ಅವಳದ್ದನ್ನ ನೋಡ್ದೇನೇ ಒತ್ತೋದು. ದಿನಾ ಸರಿಯಾಗೇ ಬರತ್ತೆ.’

‘ಟೆಸ್ಟ್ ದಿನ ಅದನ್ನ ನಂಗೆ ಕೊಡೇ’ ಎಂದಿತು ಹಿಂದಿನ ಬೆಂಚಿನ ಒಂದು ದನಿ. ಯಾರೂ ನಗಲಿಲ್ಲ.

ಹೆಸರು ಅಳಿಸಲೆಂದು ಮೌಸಿನ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ರಿಮೋಟು ರೇಖಾಳ ಬಳಿಯೇ ಉಳಿಯಿತು.

ವಸುಧಾ, ನಾಳೆ ಸ್ವಲ್ಪ ಕಷ್ಟದ ಪ್ರಶ್ನೆ ಕೇಳಲೇನಮ್ಮ?