ಸಿಂದಗಿ ಕಚೇರಿಯ ಅಂಗಳದಲ್ಲಿ ಅಕ್ಕ

ಮದುವೆಯಾಗಿ ಆ ಮನೆಗೆ ಬಂದ ದಿನ ಬಾಗಿಲಲ್ಲಿ ನನಗೆ ಆರತಿ ಬೆಳಗಿದವಳು ನನ್ನ ಗಂಡನ ಅಕ್ಕ. ಆಕೆ ಹೊಸ್ತಿಲ ಒಳಗೆ ನೆಲದ ಮೇಲೆ ಕುಳಿತಿದ್ದಳು. ಬಂದವರೆಲ್ಲ ನಿಂತಿರುವಾಗ ಈಕೆ ಯಾಕೆ ಕುಳಿತಿದ್ದಾಳೆ ಎಂದು ನನಗೆ ತಿಳಿಯಲಿಲ್ಲ. ‘ಬಗ್ಗು ತಂಗಿ, ನನಗ ನಿನ್ನ ಹಣಿ ಎಟುಕೂದಿಲ್ಲ’ ಎಂದಳು. ಬಗ್ಗಿದೆ. ಕುಂಕುಮ ಹಚ್ಚಿ, ತಟ್ಟೆಯನ್ನು ಪಕ್ಕಕ್ಕಿಟ್ಟು, ಎರಡೂ ಅಂಗೈಗಳನ್ನು ನೆಲಕ್ಕೂರಿ, ಮೈಯನ್ನು ಎತ್ತಿ ಎತ್ತಿ ಹಿಂದಕ್ಕೆ ಸರಿದು ನಮಗೆ ದಾರಿ ಬಿಟ್ಟಳು. ಆಗ ನೋಡಿದೆ. ಸೀರೆಯ ಕೆಳಗೆ ಕಾಲುಗಳು ಒಣಗಿದ ತೊಗರಿ ಕಟ್ಟಿಗೆಯಂತೆ ಸಣ್ಣಗಿದ್ದವು.

ಮೂರು ವರ್ಷದ ಮಗುವಾಗಿದ್ದಾಗ ಬಂದ ಜ್ವರ ಆಕೆಯ ಕಾಲುಗಳನ್ನು ತೆಗೆದುಕೊಂಡು ಹೋಗಿತ್ತು. ತಾಯಿ ಬೇಗ ತೀರಿಕೊಂಡಳು. ತಮ್ಮನಿಗೆ ಆಗಿನ್ನೂ ಹಾಲಿನ ಹಲ್ಲು. ಕುಳಿತಲ್ಲೇ ರೊಟ್ಟಿ ಬಡಿದು, ಕುಳಿತಲ್ಲೇ ಅವನಿಗೆ ನೀರೆರೆದು, ಮಡಿಲಲ್ಲಿ ಮಲಗಿಸಿಕೊಂಡು ದೊಡ್ಡವನನ್ನು ಮಾಡಿದವಳು ಈ ಅಕ್ಕನೇ. ಮನೆಯಿಂದ ಹಿತ್ತಲು, ಹಿತ್ತಲಿನಿಂದ ದನದ ಕೊಟ್ಟಿಗೆ, ಇಷ್ಟೇ ಆಕೆ ಕಂಡ ಜಗತ್ತು. ಉಳಿದ ಹೊತ್ತಿನಲ್ಲಿ ಹಳೆಯ ಸೀರೆಗಳನ್ನು ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಊರಿನಲ್ಲಿ ಹುಟ್ಟಿದ ಕೂಸುಗಳೆಲ್ಲ ಅವಳ ಕೌದಿಯಲ್ಲೇ ಮಲಗಿದವು. ಆದರೆ ಆ ಕೂಸುಗಳ ಮನೆಗಳನ್ನು ಅವಳು ನೋಡಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ಒಂದು ಮುಂಜಾನೆ ತಳವಾರ ಹಲಗೆ ಬಡಿಯುತ್ತ ನಮ್ಮ ಓಣಿಗೆ ಬಂದ. ‘ಕಣ್ಣ ಇಲ್ಲದವರು, ಕೈಕಾಲ ಇಲ್ಲದವರು ಸಿಂದಗಿ ಮಾಮಲೇದಾರ ಕಚೇರಿಗೆ ಬರಬೇಕಂತ್ರಪೋ! ಸರ್ಕಾರ ತಿಂಗಳ ತಿಂಗಳ ಪಗಾರ ಕೊಡ್ತೈತಂತ್ರಪೋ!’ ಅವನ ಹಿಂದೆ ಹುಡುಗರು ಕೇಕೆ ಹಾಕಿದರು. ಕೆಲಸವಿಲ್ಲದೆ ಪಗಾರ ಎಂಬ ಮಾತು ಊರಿಗೆ ದೊಡ್ಡ ನಗೆಯಾಗಿತ್ತು. ಬಸವನ ಬಾಗೇವಾಡಿ ಕಡೆ ಆಗಲೇ ಕೊಟ್ಟಿದ್ದಾರೆ ಎಂದು ಒಬ್ಬರು, ಹೆಸರು ಬರೆದುಕೊಂಡು ಮಕ್ಕಳಾಗದ ಆಪರೇಷನ್ನಿಗೆ ಒಯ್ಯುತ್ತಾರೆ ಎಂದು ಇನ್ನೊಬ್ಬರು ಹೇಳಿದರು.

ಅಕ್ಕ ಸೂಜಿ ನಿಲ್ಲಿಸಿದಳು. ‘ತಂಗಿ, ಚಾವಡಿ ಗ್ವಾಡಿಗೆ ಕಾಗದ ಹಚ್ಚಿರತಾರ. ನೀ ಏಳನೇತ್ತ ಮುಲ್ಕಿ ಪರೀಕ್ಷಾ ಪಾಸಾದಾಕಿ. ನೀರಿಗೆ ಹೋದಾಗ ಓದಿ ಬಾ’ ಎಂದಳು.

ತಲೆಯ ಮೇಲೆ ಸೆರಗು, ಸೊಂಟದ ಮೇಲೆ ಕೊಡ ಇಟ್ಟುಕೊಂಡು ಚಾವಡಿಯ ಗೋಡೆಯ ಮುಂದೆ ಒಂದು ಗಳಿಗೆ ನಿಂತು ಓದಿದೆ. ಬಂದು ಹೇಳಿದೆ: ‘ಅಂಗವಿಕಲರಿಗೆ ಮಾಸಾಶನ ಅಂತ ಬರದಾರಕ್ಕ. ತಾವೇ ಬಂದು ಡಾಕ್ಟರ ಮುಂದ, ಸಾಹೇಬರ ಮುಂದ ಹಾಜರಾಗಬೇಕಂತ.’

‘ಅಂಗವಿಕಲ’ ಎಂದು ಆಕೆ ನಿಧಾನವಾಗಿ ಅಂದು ನೋಡಿದಳು. ‘ಊರಾಗ ನನಗ ಕುಂಟಿ ಅಂತಾರ. ಸರ್ಕಾರ ಎಷ್ಟ ದೊಡ್ಡ ಹೆಸರ ಇಟ್ಟೈತಿ ನೋಡು!’ ಎಂದು ನಕ್ಕಳು. ಆಮೇಲೆ ನಗುವನ್ನು ನಿಲ್ಲಿಸಿ ‘ನಾ ಹೋಗ್ತೇನಿ’ ಎಂದಳು.

ಸಂಜೆ ಹೊಲದಿಂದ ಬಂದ ನನ್ನ ಗಂಡ ಇದನ್ನು ಕೇಳಿ ಸಿಟ್ಟಾದರು. ‘ನಾ ಸತ್ತೇನೇನಕ್ಕಾ? ಅಕ್ಕಗ ಅನ್ನ ಹಾಕಲಾರದ ಸರ್ಕಾರದ ಮುಂದ ಕೈ ಒಡ್ಡಿಸ್ಯಾನ ಅಂತ ಮಂದಿ ನನ್ನ ಮಾರಿಗೆ ಉಗುಳ್ತಾರ.’

‘ನಿನ್ನ ಅನ್ನಕ್ಕ ಏನೂ ಆಗಿಲ್ಲೋ. ಸರ್ಕಾರ ನನ್ನ ಕರದೈತಿ. ಹುಟ್ಟಿದಾಗಿಂದ ನನ್ನ ಯಾರ ಕರದಾರ ಹೇಳು? ಮದಿವಿಗಿ ಕರದಿಲ್ಲ, ಸೀಮಂತಕ್ಕ ಕರದಿಲ್ಲ. ಕರದಾಗ ಹೋಗದಿದ್ರ ಹೆಂಗ?’

ಅವರು ಉಣ್ಣದೆ ಮಲಗಿದರು. ಆದರೆ ಹೇಳಿದ ದಿನ ಬೆಳಿಗ್ಗೆ ಚಕ್ಕಡಿಗೆ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ ಅಕ್ಕನನ್ನು ಎತ್ತಿ ಕೂರಿಸಿದವರೂ ಅವರೇ.

ದಾರಿಯುದ್ದಕ್ಕೂ ಬಿಳಿಜೋಳದ ಹೊಲಗಳು ಎರಡೂ ಕಡೆ ಆಕಾಶದವರೆಗೆ ಹೋಗಿದ್ದವು. ಅಕ್ಕ ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತ ಎಲ್ಲವನ್ನೂ ನೋಡುತ್ತಿದ್ದಳು. ನನಗೆ ದಿನವೂ ಕಾಣುವ ಹೊಲಗಳವು. ಅಂದು ಅವಳ ಮುಖ ನೋಡಿದ ಮೇಲೆ ನಾನೂ ಅವುಗಳನ್ನು ಹೊಸದಾಗಿ ನೋಡಿದೆ. ಒಂದೇ ಸಲ ಬಾಯಿ ಬಿಟ್ಟಳು: ‘ಭೂಮಿ ಇಷ್ಟ ಐತೇನ?’

ಸಿಂದಗಿ ಕಚೇರಿಯ ಅಂಗಳಕ್ಕೆ ಚಕ್ಕಡಿ ಹೊಕ್ಕಾಗ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಬೇವಿನ ಗಿಡಗಳ ಕೆಳಗೆ, ಗೋಡೆಯ ನೆರಳಿನಲ್ಲಿ, ಬಿಸಿಲಿನಲ್ಲೂ ಜನ. ಮಗನ ಹೆಗಲು ಹಿಡಿದ ಕುರುಡರು. ಕೋಲಿನವರು. ನಮ್ಮ ಅಕ್ಕನಂತೆ ನೆಲದ ಮೇಲೆ ಸಾಗುವವರು. ತಾಯಿಯ ಬೆನ್ನಿನ ಮೇಲೆ ಜೋತುಬಿದ್ದ, ಮೀಸೆ ಮೂಡಿದ ಮಗ. ಮಾತಿಲ್ಲದ ಇಬ್ಬರು ಹೆಣ್ಣುಮಕ್ಕಳು ಕೈಬೆರಳುಗಳಲ್ಲೇ ಗದ್ದಲವೆಬ್ಬಿಸಿ ನಗುತ್ತಿದ್ದರು. ಹಳ್ಳಿಗೊಬ್ಬರಂತೆ, ಓಣಿಗೊಬ್ಬರಂತೆ ಒಳಕೋಣೆಗಳಲ್ಲಿ ಕುಳಿತಿದ್ದವರೆಲ್ಲ ಅಂದು ಒಂದೇ ಅಂಗಳಕ್ಕೆ ಬಂದಿದ್ದರು. ಎಷ್ಟು ಸಲ ಬಸ್ಸಿನಲ್ಲಿ ಆ ಹಳ್ಳಿಗಳನ್ನು ಹಾದುಹೋಗಿದ್ದೆ! ಇವರಲ್ಲಿ ಒಬ್ಬರನ್ನೂ ಕಂಡಿರಲಿಲ್ಲ.

ಅಕ್ಕನ ಕಣ್ಣಲ್ಲಿ ನೀರು ಬಂತು. ದುಃಖವೆಂದುಕೊಂಡು ನಾನು ಅವಳ ಕೈ ಹಿಡಿದೆ. ‘ನಾ ಒಬ್ಬಾಕೀನ ಅಂತ ತಿಳ್ಕೊಂಡಿದ್ನಿ’ ಎಂದಳು.

ಕೆಳಗಿಳಿಸಿದ್ದೇ ತಡ, ಬೇವಿನ ಗಿಡದ ಕೆಳಗಿನವರ ನಡುವೆ ಹೋಗಿ ಕುಳಿತಳು. ಯಂಕಂಚಿಯಿಂದ ಬಂದ ಒಬ್ಬ ಕುರುಡ ತರುಣ ಹಗ್ಗ ಹೊಸೆಯುತ್ತ ಕುಳಿತಿದ್ದ. ಅವನ ಹಗ್ಗ ಮುಟ್ಟಿ ನೋಡಿ ‘ಭಾಳ ಸಣ್ಣ ಹೊಸದೀಯೋ ತಮ್ಮಾ’ ಎಂದಳು. ಅವನು ಅವಳ ಅಂಗೈಯನ್ನು ಮುಟ್ಟಿ, ‘ಅವ್ವಾ, ನಿಮ್ಮ ಅಂಗೈ ಚಪ್ಪಲಿ ಹಂಗ ಐತ್ರಿ’ ಎಂದ. ಇಬ್ಬರೂ ನಕ್ಕರು. ಸ್ವಲ್ಪ ಹೊತ್ತಿನಲ್ಲಿ ಅವನನ್ನು ಒಳಗೆ ಕರೆದರು. ಬೇಗನೆ ಹೊರಗೆ ಬಂದ. ಮುಖ ಬಾಡಿತ್ತು.

‘ಏನಂದ್ರೋ?’

‘ಸಾಕೂ ಅಣ್ಣ ಅದಾನಲ್ಲ, ನಿನಗ ಬರೂದಿಲ್ಲ ಅಂದ್ರು. ಅಣ್ಣಗೂ ನನಗೂ ಸಂಬಂಧ ಇಲ್ಲ ಅಂತ ಹೇಳಿದ್ರ ಬರಕೋತೇವಿ ಅಂತಾರ.’

ಹೀಗೆ ಇನ್ನೂ ಕೆಲವರು ಒಳಗೆ ಹೋಗಿ ಬರಿಗೈಯಲ್ಲಿ ಹೊರಬಂದರು. ನನ್ನ ಗಂಡ ನನ್ನತ್ತ ನೋಡಿದರು. ನಡೀರಿ, ಊರಿಗೆ ಹೋಗೋಣ ಎಂಬ ನೋಟವದು.

ಆಗ ಅಕ್ಕನ ಹೆಸರನ್ನು, ತಂದೆಯ ಹೆಸರಿನೊಂದಿಗೆ, ಸಿಪಾಯಿ ಕೂಗಿದ.

ಕಚೇರಿಗೆ ಎತ್ತರದ ಕಲ್ಲಿನ ಪಾವಟಿಗೆಗಳಿದ್ದವು. ನನ್ನ ಗಂಡ ಎತ್ತಲು ಬಗ್ಗಿದರು. ‘ಬ್ಯಾಡ, ಕರದದ್ದು ನನ್ನ’ ಎಂದು ಅಕ್ಕ ತಮ್ಮನ ಕೈ ಸರಿಸಿದಳು. ಅಂಗೈಗಳನ್ನು ಮೇಲಿನ ಕಲ್ಲಿಗೆ ಇಟ್ಟಳು. ತೋಳುಗಳು ನಡುಗಿದವು. ಮೈ ಮೇಲೆದ್ದಿತು. ಒಂದು ಪಾವಟಿಗೆ. ಉಸಿರು ತೆಗೆದುಕೊಂಡು ಮತ್ತೊಂದು. ಕಣ್ಣಿಲ್ಲದವರು ‘ಏನಾತು, ಏನಾತು’ ಎಂದು ಪಕ್ಕದವರನ್ನು ಕೇಳುತ್ತಿದ್ದರು, ಪಕ್ಕದವರು ‘ಏರಾಕತ್ತಾಳ, ಏರಾಕತ್ತಾಳ’ ಎಂದು ಪಿಸುಗುಡುತ್ತಿದ್ದರು. ನನ್ನ ಮೈಮೇಲೆ ಮುಳ್ಳೆದ್ದವು. ಅಷ್ಟು ದಿನ ನಾನು ಆಕೆಯೊಂದಿಗೆ ಒಂದೇ ಒಲೆಯ ಮುಂದೆ ಕುಳಿತು ಉಂಡವಳು. ಆ ತೋಳುಗಳಲ್ಲಿ ಅಷ್ಟು ಕಸುವಿದೆ ಎಂದು ನನಗೆ ಗೊತ್ತಿರಲಿಲ್ಲ.

ಒಳಗೆ ಡಾಕ್ಟರು ಆಕೆಯ ಕಾಲುಗಳನ್ನು ನೋಡಿ ಚೀಟಿ ಬರೆದುಕೊಟ್ಟರು. ಮಾಮಲೇದಾರರು, ಎಂದರೆ ತಹಶೀಲ್ದಾರ ಸಾಹೇಬರು, ಮೇಜಿನ ಹಿಂದೆ ಇದ್ದರು. ಮೈಸೂರು ಕಡೆಯವರು, ಬಂದು ಹೆಚ್ಚು ದಿನವಾಗಿರಲಿಲ್ಲ. ಪಕ್ಕದಲ್ಲಿ ವಯಸ್ಸಾದ ಕಾರಕೂನ. ಅವನೇ ಕೇಳಿದ: ‘ನಿನ್ನ ಸಾಕೂರು ಯಾರದಾರ?’

‘ಸಾಕಿದಾಕಿ ನಾನ್ರಿ. ಇಂವಾ ನನ್ನ ತಮ್ಮ. ಇವನ್ನ ಸಾಕೀನಿ.’

‘ಈಗ ಅನ್ನ ಯಾರ ಹಾಕ್ತಾರ, ಅದನ್ನ ಹೇಳು.’

‘ಈಗ ಅವ ಹಾಕ್ತಾನ್ರಿ.’

‘ಹಂಗಾರ ನಿನಗ ಬರೂದಿಲ್ಲ. ಯಾರೂ ಇಲ್ಲ ಅಂತ ಹೇಳಿದ್ರ ಬರಕೋತೇನಿ.’

ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ ಮುಂದೆ ಬಂದರು. ‘ನಾ ಅಕಿಗೆ ಏನೂ ಕೊಡೂದಿಲ್ರಿ. ಹೊರಗ ಹಾಕೀನ್ರಿ. ಹಂಗ ಬರಕೊಳ್ರಿ.’ ಊರಿನವರ ಮಾತಿಗೆ ಹೆದರಿ ಉಣ್ಣದೆ ಮಲಗಿದ್ದ ಮನುಷ್ಯ ಅಷ್ಟು ಜನರೆದುರು ಹಾಗೆ ಹೇಳಿದರು.

‘ಬಾಯಿ ಮುಚ್ಚೋ!’ ಎಂದಳು ಅಕ್ಕ. ಆಕೆ ಸಾಹೇಬರತ್ತ ತಿರುಗಿದಳು. ‘ಸಾಹೇಬ್ರ, ಹಲಗಿ ಬಡಿಸಿದಾಗ ಕೈಕಾಲ ಇಲ್ಲದವರು ಬರ್ರಿ ಅಂದ್ರಿ, ಯಾರೂ ಇಲ್ಲದವರು ಬರ್ರಿ ಅನ್ನಲಿಲ್ಲ. ನನಗ ಕಾಲ ಇಲ್ರಿ. ತಮ್ಮ ಅದಾನ್ರಿ. ಇದ್ದದ್ದನ್ನ ಇಲ್ಲ ಅಂತ ಹೆಂಗ ಅನ್ಲಿ? ಬ್ಯಾಡಾದ್ರ ಹೋಗ್ತೇನಿ.’

ಸಾಹೇಬರು ಪೆನ್ನು ಕೆಳಗಿಟ್ಟರು. ಕಾರಕೂನನ ಮುಂದಿದ್ದ ಕಾಗದ ತೆಗೆದುಕೊಂಡು ಓದಿದರು. ‘ಇದು ವೃದ್ಧಾಪ್ಯ ವೇತನದ ಆದೇಶ. ಅಂಗವಿಕಲರ ಹೊಸ ಆದೇಶ ಎಲ್ಲಿ?’ ಎಂದರು. ಕಾರಕೂನ ತಡಕಾಡಿ ಇನ್ನೊಂದನ್ನು ಕೊಟ್ಟ. ಮುದುಕರಿಗೆ ಕೇಳುವ ಪ್ರಶ್ನೆಯನ್ನೇ ಅವನು ಅಭ್ಯಾಸಬಲದಿಂದ ಎಲ್ಲರಿಗೂ ಕೇಳುತ್ತ ಬಂದಿದ್ದ. ಸಾಹೇಬರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಬೆರಳಿಟ್ಟು ಓದಿದರು.

‘ನೋಡಮ್ಮ’ ಎಂದರು ಕೊನೆಗೆ. ‘ಹಳೆಯದರಲ್ಲಿ ಕೂಡ ಸಾಕುವವರು ಅಂದರೆ ಮಗ, ಮೊಮ್ಮಗ ಅಂತಷ್ಟೇ ಇದೆ. ತಮ್ಮ ಅನ್ನುವ ಮಾತು ಎರಡರಲ್ಲೂ ಇಲ್ಲ. ನಿನ್ನ ಹೆಸರಲ್ಲಿ ಹೊಲ ಇದೆಯಾ?’

‘ಇಲ್ರಿ.’

‘ಹಾಗಾದರೆ ನಿನಗೆ ಬರುತ್ತದೆ. ತಮ್ಮನಿದ್ದರೂ ಬರುತ್ತದೆ.’

ಅಕ್ಕ ಹೆಬ್ಬೆಟ್ಟು ಒತ್ತಿದಳು. ಆದರೆ ಅಲ್ಲಿಂದ ಅಲುಗಲಿಲ್ಲ. ‘ಸಾಹೇಬ್ರ, ನನಗ ಬರ್ತದಂದ್ರ ಆ ಯಂಕಂಚಿ ಹುಡುಗಗೂ ಬರಬೇಕಲ್ರಿ? ಅಣ್ಣ ಅದಾನಂತ ಅವನ್ನ ಹೊರಗ ಕಳಿಸ್ಯಾರ. ಅವನೊಬ್ಬನ ಅಲ್ಲ, ಭಾಳ ಮಂದಿ ಅದಾರ.’

ಸಾಹೇಬರು ಎರಡೂ ಕಾಗದಗಳನ್ನು ಕೈಗೆತ್ತಿಕೊಂಡರು. ಎದ್ದರು. ತಾವೇ ಬಾಗಿಲ ಹೊರಗಿನ ಕಟ್ಟೆಗೆ ಬಂದು ಸಿಪಾಯಿಗೆ ಕೂಗಲು ಹೇಳಿದರು. ಸಿಪಾಯಿ ಎರಡೂ ಕೈ ಬಾಯಿಗೆ ಹಿಡಿದು ಕೂಗಿದ: ‘ಅಣ್ಣತಮ್ಮರು ಅದಾರಂತ ವಾಪಸ್ ಕಳಿಸಿದವರು ಎಲ್ಲಾರೂ ಬರ್ರೆಪೋ! ಎಲ್ಲಾರೂ ಬರ್ರಿ!’

ಆಮೇಲೆ ಅಂಗಳ ಎದ್ದಿತು. ಬೇರೆ ಹೇಗೆ ಹೇಳಬೇಕೋ ನನಗೆ ತಿಳಿಯದು. ಗಿಡಗಳ ಕೆಳಗಿಂದ, ಗೋಡೆಯ ಬದಿಯಿಂದ, ಕಚೇರಿಯ ಗೇಟು ದಾಟಿ ಹೋಗಿದ್ದವರು ಕೂಡ ತಿರುಗಿ ಬಂದರು. ಕೋಲುಗಳು ಕಲ್ಲಿಗೆ ಬಡಿದ ಸದ್ದು. ಕುರುಡರು ಗೋಡೆ ಸವರುತ್ತ, ಮುಂದಿನವನ ಅಂಗಿ ಹಿಡಿಯುತ್ತ ಬಂದರು. ಆ ತಾಯಿ ಮೀಸೆಯ ಮಗನನ್ನು ಬೆನ್ನಿಗೇರಿಸಿಕೊಂಡು ಬಂದಳು. ಅಕ್ಕ ಏರಿದ್ದನ್ನು ನೋಡಿದ್ದ, ನೆಲದ ಮೇಲೆ ಸಾಗುವವರು ಯಾರ ಕೈಯನ್ನೂ ಕೇಳದೆ ಅಂಗೈಗಳನ್ನು ಪಾವಟಿಗೆಗೆ ಇಟ್ಟರು. ಸಾಹೇಬರು ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತರು, ದೊಡ್ಡವರು ಬಂದಾಗ ನಿಲ್ಲುವ ಹಾಗೆ. ನನ್ನ ಗಂಡ ರುಮಾಲಿನ ಚುಂಗಿನಿಂದ ಮುಖ ಒರೆಸಿಕೊಂಡರು. ಎಷ್ಟೋ ದೊಡ್ಡ ದೊಡ್ಡದನ್ನು ಆಮೇಲೆ ನೋಡಿದ್ದೇನೆ, ಆಲಮಟ್ಟಿಯಲ್ಲಿ ಕೃಷ್ಣೆಯನ್ನು ಕಟ್ಟಿ ನಿಲ್ಲಿಸಿದ್ದನ್ನೂ ನೋಡಿದ್ದೇನೆ. ಅಂದು ಆ ಕಚೇರಿಯ ಕಟ್ಟೆಯ ಕಂಬಕ್ಕೆ ಒರಗಿ ನಿಂತಾಗ ಆದಂತೆ ಎದೆ ಮತ್ತೆಂದೂ ತುಂಬಿ ಬಂದಿಲ್ಲ.

ಹಿಂದಿರುಗುವಾಗ ಹಳ್ಳದ ದಂಡೆಯಲ್ಲಿ ಚಕ್ಕಡಿ ನಿಲ್ಲಿಸಿ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಅಕ್ಕ ತಮ್ಮನನ್ನು ಕಾಡಿಸಿದಳು: ‘ನೋಡೋ, ಸರ್ಕಾರದ ಕಾನೂನದಾಗ ನೀ ಇಲ್ಲ ಅಂತ. ಸಾಹೇಬ್ರ ಹುಡುಕಿ ನೋಡಿದ್ರು, ಸಿಗಲಿಲ್ಲ.’

‘ಇಲ್ಲದಿದ್ರ ಈ ಎತ್ತ ನೀನ ಹೊಡೀ’ ಎಂದರು ಅವರು. ಆಕೆ ನಿಜವಾಗಿಯೂ ಹಗ್ಗ ಹಿಡಿದು ಸ್ವಲ್ಪ ದೂರ ಚಕ್ಕಡಿ ಹೊಡೆದಳು.

ಮಳೆಗಾಲ ಕಳೆದ ಮೇಲೆ ಪೋಸ್ಟಮನ್ ಬಂದ. ಬಾಗಿಲಲ್ಲಿ ನಿಂತು ಅಕ್ಕನ ಪೂರ್ತಿ ಹೆಸರನ್ನು ಓದಿದ. ನೆರೆಮನೆಯವಳು, ‘ಆ ಹೆಸರಿನವರು ಈ ಓಣ್ಯಾಗ ಯಾರಿಲ್ಲ’ ಎಂದುಬಿಟ್ಟಳು. ಒಳಗಿಂದ ಅಕ್ಕ ‘ನಾನ ಅದೇನಿ, ಬಂದೆ ತಡೀರಿ’ ಎಂದು ಕೂಗಿದ್ದು ನನಗಿನ್ನೂ ಕೇಳಿಸುತ್ತದೆ. ಬಂದದ್ದು ದೊಡ್ಡ ಮೊತ್ತವೇನಲ್ಲ. ಆಕೆ ಅದರಲ್ಲಿ ಬಣ್ಣದ ದಾರ ತರಿಸಿದಳು.

ಬದುಕಿದ್ದೇನೆಂದು ತೋರಿಸಲು ವರ್ಷಕ್ಕೊಮ್ಮೆ ಕಚೇರಿಗೆ ಬರಬೇಕೆಂದು ಹೇಳಿದ್ದರು. ಹಲವರು ಅದನ್ನು ಕಿರಿಕಿರಿ ಎನ್ನುತ್ತಿದ್ದರು. ಅಕ್ಕ ಮಾತ್ರ ವಾರಕ್ಕೂ ಮೊದಲೇ ಸೀರೆ ಒಗೆದು ಮಡಚಿಡುತ್ತಿದ್ದಳು. ಮರುವರ್ಷ ನಾನು ಬಸುರಿಯಾಗಿದ್ದರೂ ಜೊತೆಗೆ ಹೋದೆ. ಆಕೆ ಗಿಡದ ಕೆಳಗೆ ಕುಳಿತವರನ್ನೆಲ್ಲ ಹೆಸರು ಹಿಡಿದು ಮಾತಾಡಿಸಿದಳು. ಯಾರಿಗೋ ಮದುವೆ ಗೊತ್ತಾಗಿತ್ತು, ಯಾರೋ ಆ ವರ್ಷ ಬಂದಿರಲಿಲ್ಲ. ಮಾತಿಲ್ಲದ ಇಬ್ಬರು ಹೆಣ್ಣುಮಕ್ಕಳು ನನ್ನ ಹೊಟ್ಟೆಯತ್ತ ಬೆರಳು ತೋರಿಸಿ ಕೈಸನ್ನೆಯಲ್ಲಿ ಏನೋ ಕೇಳಿದರು. ಅಕ್ಕ ಎರಡೂ ತೋಳು ಮಡಚಿ ತೂಗಿ ತೋರಿಸಿದಳು. ಆ ಭಾಷೆಯನ್ನು ಯಾವಾಗ ಕಲಿತಳೋ ಏನೋ. ಮೂವರೂ ನನ್ನನ್ನು ಬಿಟ್ಟು ಬಹಳ ಹೊತ್ತು ಮಾತಾಡುತ್ತ ಕುಳಿತರು.